ದುಡ್ಡು ಹೊಡ್ಕೊಂಡು ಹೋಗೋರ ಬಗ್ಗೆ ನಮ್ಮ ಅಂಗಡೀಲಿ ಪದೇ ಪದೇ ಕೇಳೋ ಪ್ರಶ್ನೆಗಳು

ನಮ್ಮದು ಮಂಡ್ಯದಲ್ಲಿ ಒಂದು ಜೆರಾಕ್ಸ್ ಅಂಗಡಿ. ಪಹಣಿ, ಆಧಾರ್ ಪ್ರಿಂಟು, ಆನ್‌ಲೈನ್ ಅರ್ಜಿ, ಕರೆಂಟ್ ಬಿಲ್ಲು ಎಲ್ಲ ಮಾಡ್ಕೊಡ್ತೀವಿ. ಈಗೊಂದೆರಡು ವರ್ಷದಿಂದ ಇನ್ನೊಂದು ಕೆಲ್ಸ ತಾನಾಗೇ ಬಂದು ಅಂಟ್ಕೊಂಡಿದೆ, ದುಡ್ಡು ಕಳ್ಕೊಂಡೋರು ಬ್ಯಾಂಕಿಗೂ ಹೋಗ್ದೆ ಸ್ಟೇಷನ್ನಿಗೂ ಹೋಗ್ದೆ ಮೊದ್ಲು ಇಲ್ಲಿಗೆ ಬಂದು ಫೋನ್ ಚಾಚಿ "ವಸಿ ಇದೇನು ನೋಡಣ್ಣ" ಅಂತಾರೆ. ಅವ್ರು ಕೇಳಿದ್ದನ್ನೇ ಕೇಳ್ತಾರೆ, ನಾನೂ ಹೇಳಿದ್ದನ್ನೇ ಹೇಳ್ತೀನಿ, ಅದಕ್ಕೇ ಒಂದ್ಸಲ ಕೂತು ಬರೆದುಬಿಡೋಣ ಅನ್ನಿಸ್ತು.

ಈಗ ತಾನೇ ದುಡ್ಡು ಹೋಯ್ತು, ಮೊದ್ಲು ಏನ್ ಮಾಡ್ಲಿ?

ಕೆಳಗಿಂದು ಏನೂ ಓದ್ಬೇಡಿ, ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಲೈನ್ ಬಿಜಿ ಬಂದ್ರೆ ಮತ್ತೆ ಮಾಡಿ, ಇನ್ನೊಂದು ಫೋನಿಂದ ಮಾಡಿ, ಅದೇ ಹೊತ್ತಿಗೆ ಪಕ್ಕದಲ್ಲಿರೋರ ಕೈಲಿ ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ಓಪನ್ ಮಾಡ್ಸಿ ಅಲ್ಲೂ ದೂರು ಹಾಕ್ಸಿ. ಅವ್ರು ಕೇಳೋದು ಇಷ್ಟೇ: ಯಾವ ಬ್ಯಾಂಕು, ಖಾತೆ ನಂಬರ್ ಏನು, ಎಷ್ಟು ಹೋಯ್ತು, ಎಷ್ಟು ಹೊತ್ತಿಗೆ ಹೋಯ್ತು, ಟ್ರಾನ್ಸಾಕ್ಷನ್ ನಂಬರ್ ಎಷ್ಟು. ಯುಪಿಐ ಆದ್ರೆ ಅದು 12 ಅಂಕಿ ಇರುತ್ತೆ, ಆ್ಯಪಲ್ಲಿ ಹಿಸ್ಟರಿ ಒತ್ತಿದ್ರೆ ಸಿಗುತ್ತೆ.

ಅವಸರ ಯಾಕೆ ಅಂದ್ರೆ, ನಿಮ್ಮ ದುಡ್ಡು ಹೋಗಿದ ತಕ್ಷಣ ಕಳ್ಳನ ಜೇಬಿಗೆ ಬೀಳಲ್ಲ. ಮೊದ್ಲು ಯಾರದೋ ಬಾಡಿಗೆ ಖಾತೆಗೆ ಹೋಗುತ್ತೆ, ಅಲ್ಲಿಂದ ಚೂರು ಚೂರಾಗಿ ನಾಕೈದು ಖಾತೆಗೆ, ಅಲ್ಲಿಂದ ಎಟಿಎಂಗೋ ಕ್ರಿಪ್ಟೋಗೋ. 1930ಲ್ಲಿ ದೂರು ಬಿದ್ರೆ ಆ ಸಾಲಲ್ಲಿರೋ ಬ್ಯಾಂಕುಗಳಿಗೆಲ್ಲ ಸುದ್ದಿ ಹೋಗುತ್ತೆ, ಎಲ್ಲಿ ಎಷ್ಟು ಮಿಕ್ಕಿದ್ಯೋ ಅಷ್ಟನ್ನ ಅಲ್ಲೇ ತಡೆಹಿಡೀತಾರೆ. ಅರ್ಧ ಗಂಟೇಲಿ ಮಾಡಿದ ದೂರಿಗೂ ಎರಡು ದಿನ ಬಿಟ್ಟು ಮಾಡಿದ ದೂರಿಗೂ ಇರೋ ವ್ಯತ್ಯಾಸ ಇದೇ. ಆಮೇಲೆ ಬ್ಯಾಂಕಿಗೆ ಹೇಳಿ ಕಾರ್ಡು, ಯುಪಿಐ, ನೆಟ್ ಬ್ಯಾಂಕಿಂಗ್ ಬ್ಲಾಕ್ ಮಾಡ್ಸಿ, ದೂರಿನ ನಂಬರ್ ಹಿಡ್ಕೊಂಡು ಸೆನ್ ಠಾಣೆಗೆ ಹೋಗಿ. ಸೆನ್ ಅಂದ್ರೆ ಸೈಬರ್, ಆರ್ಥಿಕ, ಮಾದಕ ಅಪರಾಧ ನೋಡೋ ಠಾಣೆ, ಮಂಡ್ಯದಲ್ಲೂ ಇದೆ ಮೈಸೂರಲ್ಲೂ ಇದೆ.

ನಾನೇ ಒಟಿಪಿ ಕೊಟ್ಬುಟ್ಟೆ ಕಣಣ್ಣ, ತಪ್ಪು ನಂದೇ, ಕಂಪ್ಲೇಂಟ್ ತಗೋತಾರಾ?

ತಗೋತಾರೆ. ಮೋಸ ಹೋಗೋದು ಅಪರಾಧ ಅಲ್ಲ. ಆದ್ರೆ ದುಡ್ಡಿನ ಲೆಕ್ಕ ಬೇರೆ. ರಿಸರ್ವ್ ಬ್ಯಾಂಕು 2017ರ ಜುಲೈಲಿ ಹೊರಡಿಸಿದ ಸುತ್ತೋಲೆ ಪ್ರಕಾರ ನಿಮ್ಮ ಕೈವಾಡ ಇಲ್ದೆ, ಬ್ಯಾಂಕಿನ ತಪ್ಪೂ ಇಲ್ದೆ ಹೊರಗಿನೋರು ಎಗರಿಸಿದ್ರೆ, 3 ಕೆಲಸದ ದಿನದೊಳಗೆ ತಿಳಿಸಿದ್ರೆ ನಿಮಗೆ ಒಂದು ರೂಪಾಯಿ ನಷ್ಟ ಇಲ್ಲ, 4ರಿಂದ 7 ದಿನ ಆದ್ರೆ ಒಂದು ಮಿತಿವರೆಗೆ ನಿಮ್ಮ ಮೇಲೆ. ನೀವೇ ಒಟಿಪಿನೋ ಪಿನ್ನೋ ಕೊಟ್ಟಿದ್ರೆ ಬ್ಯಾಂಕಿಗೆ ತಿಳಿಸೋವರೆಗೆ ಹೋಗಿದ್ದು ನಿಮ್ಮದೇ ನಷ್ಟ, ತಿಳಿಸಿದ್ಮೇಲೂ ಹೋದ್ರೆ ಅದು ಬ್ಯಾಂಕಿನ ತಲೆಗೆ. ಅದಕ್ಕೇ ಎಷ್ಟು ಹೊತ್ತಿಗೆ ತಿಳಿಸಿದ್ರಿ ಅನ್ನೋದಕ್ಕೆ ಮೆಸೇಜೋ ಮೇಲೋ ಏನಾದ್ರೂ ಸಾಕ್ಷಿ ಇರ್ಲಿ, ಬರೀ ಕೌಂಟರಲ್ಲಿ ಬಾಯ್ಮಾತಲ್ಲಿ ಹೇಳಿ ಬಂದ್ರೆ ಆಮೇಲೆ ಯಾರೂ ಒಪ್ಕೊಳಲ್ಲ. ಬ್ಯಾಂಕಿನೋರು 30 ದಿನ ಆದ್ರೂ ಉತ್ತರ ಕೊಡ್ಲಿಲ್ಲ ಅಂದ್ರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ, ಅಂದ್ರೆ ಬ್ಯಾಂಕುಗಳ ಮೇಲಿನ ದೂರು ಕೇಳೋ ಅಧಿಕಾರಿಗೆ, ದೂರು ಕೊಡಬಹುದು, ಅದರ ಬಗ್ಗೆ ಕೇಳೋಕೆ 14448.

ದುಡ್ಡು ಬರಬೇಕು ಅಂದ್ರೂ ಪಿನ್ ಒತ್ಬೇಕಾ?

ಬೇಡ. ಯಾವತ್ತೂ ಬೇಡ. ಪಿನ್ ಒತ್ತೋದು ದುಡ್ಡು ಆಚೆ ಕಳ್ಸೋಕೆ, ಒಳಗೆ ಬರೋ ದುಡ್ಡು ನೀವು ಮಲಗಿದ್ರೂ ಬರುತ್ತೆ.

ಇದನ್ನ ದಿನಕ್ಕೆ ಹತ್ತು ಜನಕ್ಕೆ ಹೇಳೋ ನಾನೇ ಇದರಲ್ಲಿ ಬಿದ್ದೋನು, ಅದನ್ನೂ ಹೇಳ್ಬಿಡ್ತೀನಿ. ಹಳೇ ಜೆರಾಕ್ಸ್ ಮೆಷಿನ್ ಒಂದಿತ್ತು, ಸೆಕೆಂಡ್ ಹ್ಯಾಂಡ್ ಸಾಮಾನು ಮಾರೋ ಕಡೆ ಫೋಟೋ ಹಾಕಿದ್ದೆ. ಹತ್ತು ನಿಮಿಷಕ್ಕೆ ಕಾಲ್ ಬಂತು, ಹಿಂದಿ, ನಾನು ಆರ್ಮಿಲಿ ಇದೀನಿ, ಮೈಸೂರಿಗೆ ಟ್ರಾನ್ಸ್‌ಫರ್ ಆಗಿದೆ, ನಮ್ಮ ಯೂನಿಟ್ಟಿಗೆ ಮೆಷಿನ್ ಬೇಕು ಅಂತ. ರೇಟೇ ಕೇಳ್ಲಿಲ್ಲ, ನಾನು ಹೇಳಿದ್ದಕ್ಕೆ ಓಕೆ ಅಂದ. ಅಲ್ಲೇ ಗೊತ್ತಾಗ್ಬೇಕಿತ್ತು ನೋಡಿ, ಮಂಡ್ಯದಲ್ಲಿ ಚೌಕಾಸಿ ಮಾಡ್ದೆ ಹಳೇ ಮೆಷಿನ್ ತಗೊಳೋನು ಯಾರು! ಯೂನಿಫಾರಂ ಫೋಟೋ, ಐಡಿ ಕಾರ್ಡು ಎಲ್ಲ ಕಳ್ಸಿದ. ಆಮೇಲೆ ಒಂದು ಕ್ಯೂಆರ್ ಕಳ್ಸಿ, ಆರ್ಮಿ ಅಕೌಂಟಿಂದ ಹೀಗೇ ಬರೋದು, ಮೊದ್ಲು 5 ರೂಪಾಯಿ ಟ್ರೈ ಮಾಡಿ ಅಂದ. ಸ್ಕ್ಯಾನ್ ಮಾಡಿ ಪಿನ್ ಒತ್ತಿದೆ, 5 ರೂಪಾಯಿ ಹೋಯ್ತು, ಅವನು ವಾಪಸ್ 10 ಹಾಕ್ದ, ನಂಬಿಕೆ ಬಂತು. ಎರಡನೇ ಕ್ಯೂಆರಿಗೆ 14,500 ಹೋಯ್ತು. ಅಂಗಡೀಲಿ ಜನ ನಿಂತಿದ್ರು, ಒಂದು ಕೈಲಿ ಲ್ಯಾಮಿನೇಷನ್ ಮಾಡ್ತಾ ಇನ್ನೊಂದು ಕೈಲಿ ಪಿನ್ ಒತ್ತಿದ್ದೆ, ಸ್ಕ್ರೀನಲ್ಲಿ "ಪೇ" ಅಂತ ಇಷ್ಟು ದಪ್ಪಕ್ಷರದಲ್ಲಿ ಇದ್ದದ್ದು ಕಣ್ಣಿಗೆ ಬಿದ್ರೂ ತಲೆಗೆ ಹೋಗ್ಲಿಲ್ಲ. ಎರಡು ದಿನ ಯಾರಿಗೂ ಹೇಳ್ಲಿಲ್ಲ, ನಾಚಿಕೆ. ಮೂರನೇ ದಿನ 1930ಕ್ಕೆ ಮಾಡಿದಾಗ ಆ ಖಾತೇಲಿ ಏನೂ ಉಳಿದಿರ್ಲಿಲ್ಲ.

ಅಂದಹಾಗೆ, ಗೊತ್ತಿಲ್ಲದೋರು "ದುಡ್ಡು ಕೊಡಿ" ಅಂತ ಯುಪಿಐಲಿ ರಿಕ್ವೆಸ್ಟ್ ಕಳ್ಸೋದಿತ್ತಲ್ಲ, ಜನರಿಂದ ಜನಕ್ಕೆ ಕಳ್ಸೋ ಆ ಸೌಲಭ್ಯನ 2025ರ ಅಕ್ಟೋಬರ್ 1ರಿಂದ ನಿಲ್ಸಿದಾರೆ. ಕ್ಯೂಆರ್ ಮೋಸ ಮಾತ್ರ ಹಂಗೇ ಇದೆ.

"ತಪ್ಪಾಗಿ ನಿಮ್ಮ ನಂಬರಿಗೆ ಹಾಕ್ಬುಟ್ಟೆ, ಆಸ್ಪತ್ರೆ ದುಡ್ಡು, ವಾಪಸ್ ಹಾಕಿ" ಅಂತ ಅಳ್ತಾವ್ರೆ, ಹಾಕ್ಲಾ?

ಮೆಸೇಜ್ ನೋಡ್ಬೇಡಿ, ಬ್ಯಾಲೆನ್ಸ್ ನೋಡಿ. ಮೆಸೇಜು ಅವ್ರೇ ಟೈಪ್ ಮಾಡಿ ಕಳ್ಸಿರ್ತಾರೆ, ಯಾವ್ದೋ ಹತ್ತಂಕಿ ನಂಬರಿಂದ ಬಂದಿರುತ್ತೆ. ನಿಜವಾಗ್ಲೂ ಬಂದಿದ್ರೂ ನೀವಾಗಿ ವಾಪಸ್ ಹಾಕ್ಬೇಡಿ, ಅವ್ರ ಬ್ಯಾಂಕಿಗೆ ಹೇಳೋಕೆ ಹೇಳಿ, ಬ್ಯಾಂಕು ಬ್ಯಾಂಕು ಮಾತಾಡ್ಕೊಳ್ಲಿ.

ರಾತ್ರಿ 9.30ಕ್ಕೆ ಕರೆಂಟ್ ಕಟ್ ಮಾಡ್ತೀವಿ ಅಂತ ಬಂದದೆ?

ನಮ್ಮ ಕಡೆ ಕರೆಂಟ್ ಕೊಡೋ ಚೆಸ್ಕಾಂನೋರು ಯಾರದೋ ಪರ್ಸನಲ್ ನಂಬರಿಂದ ಹಿಂಗೆ ಮೆಸೇಜ್ ಹಾಕಿ "ಈ ಆಫೀಸರಿಗೆ ಫೋನ್ ಮಾಡಿ" ಅನ್ನಲ್ಲ. ಡೌಟಿದ್ರೆ 1912ಕ್ಕೆ ಮಾಡಿ ಆರ್‌ಆರ್ ನಂಬರ್ ಹೇಳಿ ಕೇಳಿ. ಆ ಮೆಸೇಜಲ್ಲಿರೋ ನಂಬರಿಗೆ ಮಾಡಿದ್ರೆ ಒಂದು ಆ್ಯಪ್ ಹಾಕ್ಕೊಳಿ ಅಂತಾನೆ, ಅದು ನಿಮ್ಮ ಸ್ಕ್ರೀನ್ ಅವನಿಗೆ ತೋರ್ಸೋ ಆ್ಯಪು. "10 ರೂಪಾಯಿ ಅಪ್‌ಡೇಟ್ ಚಾರ್ಜ್ ಕಟ್ಟಿ ಸಾಕು" ಅಂತಾನೆ, ನೀವು ಕಟ್ಟುವಾಗ ಪಾಸ್‌ವರ್ಡು ಒಟಿಪಿ ಎಲ್ಲ ಅವನ ಕಣ್ಮುಂದೆ. ಗೂಗಲ್ಲಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕೋದೂ ಇದೇ ಕಥೆ, ಮೊದ್ಲು ಕಾಣೋ ನಂಬರ್ ಕಳ್ಳಂದೇ ಆಗಿರಬಹುದು. ಪಾಸ್‌ಬುಕ್ಕಲ್ಲಿ, ಕಾರ್ಡಿನ ಹಿಂದೆ ಇರೋ ನಂಬರ್ ನೋಡಿ.

ವಾಟ್ಸಾಪಲ್ಲಿ ಮದ್ವೆ ಕಾರ್ಡ್ ಬಂದದೆ, ನಮ್ಮ ಷಡ್ಡಕನ ನಂಬರಿಂದಾನೇ ಬಂದದೆ?

ಫೈಲ್ ಹೆಸ್ರು ಕೊನೇಲಿ ಎಪಿಕೆ ಅಂತ ಇದ್ರೆ ಮುಟ್ಬೇಡಿ. ಅದು ಕಾರ್ಡಲ್ಲ, ಆ್ಯಪು. ಇನ್‌ಸ್ಟಾಲ್ ಆದ್ರೆ ನಿಮ್ಮ ಮೆಸೇಜು ಓದೋ ಪರ್ಮಿಷನ್ ಕೇಳುತ್ತೆ, ನಾವು ಎಲ್ಲಕ್ಕೂ ಅಲೋ ಅಲೋ ಅಂತ ಒತ್ಕೊಂಡು ಹೋಗ್ತೀವಿ, ಆಮೇಲೆ ಒಟಿಪಿ ಬಂದದ್ದೇ ನಿಮಗೆ ಗೊತ್ತಾಗಲ್ಲ. ಷಡ್ಡಕ ಕಳ್ಸಿರಲ್ಲ, ಅವ್ರ ಫೋನಿಗೆ ಅದೇ ಹೊಕ್ಕು ಕಾಂಟ್ಯಾಕ್ಟಲ್ಲಿರೋರಿಗೆಲ್ಲ ತಾನೇ ಹೋಗಿರುತ್ತೆ. ಟ್ರಾಫಿಕ್ ಫೈನ್ ಅಂತ, ಪಿಎಂ ಕಿಸಾನ್ ಕಂತು ಅಂತ, ಬ್ಯಾಂಕ್ ಕೆವೈಸಿ ಅಂತ ಹೆಸ್ರು ಮಾತ್ರ ಬದಲಾಗುತ್ತೆ. ಒತ್ಬಿಟ್ಟಿದ್ರೆ ಮೊದ್ಲು ಡೇಟಾ, ವೈಫೈ ಆಫ್ ಮಾಡಿ, ಸಿಮ್ ತೆಗೀರಿ, ಬೇರೆ ಫೋನಿಂದ ಬ್ಯಾಂಕಿಗೆ ಹೇಳಿ, ಆಮೇಲೆ ಫೋನ್ ಫುಲ್ ರೀಸೆಟ್. ಫೋಟೋ ಹೋಗ್ತವೆ ಅಂತ ಯೋಚ್ನೆ ಮಾಡ್ತಾ ಕೂರ್ಬೇಡಿ.

ಪೊಲೀಸ್ರು ವಿಡಿಯೋ ಕಾಲಲ್ಲಿ ಅರೆಸ್ಟ್ ಮಾಡ್ತಾರಂತೆ, ಹೌದಾ?

ಇಲ್ಲ. ಡಿಜಿಟಲ್ ಅರೆಸ್ಟ್ ಅನ್ನೋದು ನಮ್ಮ ದೇಶದ ಯಾವ ಕಾನೂನಲ್ಲೂ ಇಲ್ಲ. 2024ರ ಅಕ್ಟೋಬರಲ್ಲಿ ಪ್ರಧಾನಿನೇ ರೇಡಿಯೋಲಿ ಇದನ್ನ ಹೇಳಿದ್ರು, ಆದ್ರೂ ನಿಲ್ಲಲಿಲ್ಲ, ಸುಪ್ರೀಂ ಕೋರ್ಟ್ ಹೆಸರಲ್ಲೇ ನಕಲಿ ಆರ್ಡರ್ ತೋರ್ಸಿ ವಯಸ್ಸಾದ ದಂಪತಿ ಹತ್ರ ದುಡ್ಡು ಕಿತ್ಕೊಂಡ್ಮೇಲೆ 2025ರಲ್ಲಿ ಕೋರ್ಟು ತಾನಾಗೇ ಕೇಸು ಕೈಗೆತ್ಕೊಂಡಿತು.

ನಾನು ಕಣ್ಣಾರೆ ನೋಡಿದ್ದು ಒಂದು. ಒಬ್ರು ರಿಟೈರ್ಡ್ ಮೇಷ್ಟ್ರು, ನಮ್ಮ ಅಂಗಡಿಗೆ ಹತ್ತು ವರ್ಷದಿಂದ ಬರೋರು, ಬಂದ್ರೆ ಬಾಗ್ಲಲ್ಲೇ "ಏನಪ್ಪಾ ವ್ಯಾಪಾರ" ಅಂತ ಕೇಳೋರು. ಅವತ್ತು ಏನೂ ಮಾತಾಡ್ಲಿಲ್ಲ. ಪೆನ್ ಡ್ರೈವ್ ಇಟ್ರು, ಒಂದು ಪ್ರಿಂಟ್ ಅಂತ ಬೆರಳಲ್ಲಿ ತೋರ್ಸಿದ್ರು. ಓಪನ್ ಮಾಡಿದ್ರೆ ಮೂರು ಸಿಂಹದ ಮುದ್ರೆ, ಇಂಗ್ಲಿಷಲ್ಲಿ ಏನೇನೋ, ನಿಮ್ಮ ಆಧಾರಲ್ಲಿ ಸಿಮ್ ತಗೊಂಡು ಮುಂಬೈಲಿ ಹವಾಲಾ ಮಾಡಿದಾರೆ ಅಂತ. ತಲೆ ಎತ್ತಿ ನೋಡ್ತೀನಿ, ಅವ್ರ ಶರ್ಟ್ ಜೇಬಲ್ಲಿ ಫೋನು, ಕ್ಯಾಮೆರಾ ಹೊರಗಡೆಗೆ, ಕಾಲ್ ಆನ್ ಇದೆ, ಇನ್ನೊಂದು ಕೈಲಿ ಬ್ಯಾಂಕಿನ ಆರ್‌ಟಿಜಿಎಸ್ ಫಾರಂ, ಬೆವರಿಗೆ ಒದ್ದೆ ಆಗಿದೆ. ಮೆಷಿನ್ ಸೌಂಡ್ ಜೋರಾಗಿ ಬರ್ಲಿ ಅಂತ ಸುಮ್ನೆ ಇಪ್ಪತ್ತು ಕಾಪಿ ಕೊಟ್ಟೆ. ಕ್ಯಾಮೆರಾಗೆ ಬೀಳ್ದಂಗೆ ಒಂದು ಚೀಟೀಲಿ "ಸಾರ್ ಇದು ಮೋಸ, ಫೋನ್ ಕಟ್ ಮಾಡಿ, ಯಾರೂ ಏನೂ ಮಾಡಲ್ಲ" ಅಂತ ಬರೆದು ಕೌಂಟರ್ ಕೆಳಗೆ ಹಿಡಿದೆ. ಅವ್ರು ಓದಿದ್ರು. ಆದ್ರೂ ಕಟ್ ಮಾಡೋಕೆ ಕೈ ಬರ್ತಿಲ್ಲ. ಬೆಳಿಗ್ಗೆಯಿಂದ ಆರು ಗಂಟೆ ಆ ಕಾಲಲ್ಲಿ ಇದ್ರಂತೆ, ಬಾತ್‌ರೂಮಿಗೆ ಹೋಗೋಕೂ ಪರ್ಮಿಷನ್ ಕೇಳಿದಾರೆ. ಕೊನೆಗೆ ನಾನೇ ಕೈ ಹಾಕಿ ಜೇಬಿಂದ ತೆಗೆದು ಸ್ವಿಚ್ ಆಫ್ ಮಾಡ್ದೆ. ಮೊದ್ಲು ನನ್ನ ಮೇಲೇ ರೇಗಿದ್ರು, ಆಮೇಲೆ ಸ್ಟೂಲ್ ಮೇಲೆ ಕೂತು ನೀರು ಕೇಳಿದ್ರು.

ಅವ್ರು ದಡ್ಡರಲ್ಲ, ಲೆಕ್ಕದ ಮೇಷ್ಟ್ರು. ಒಂದೇ ಸಮ ಹೆದರ್ಸಿ, ಮನೆಯೋರ ಹತ್ರ ಮಾತಾಡೋಕೂ ಬಿಡ್ದೆ ಕೂಡಿ ಹಾಕಿದ್ರೆ ಯಾರಾದ್ರೂ ಹಂಗೇ ಆಗ್ತಾರೆ. ನಿಜವಾದ ಪೊಲೀಸ್ರು ಮನೆಗೆ ಬರ್ತಾರೆ, ಇಲ್ಲಾ ನೋಟಿಸ್ ಕೊಟ್ಟು ಸ್ಟೇಷನ್ನಿಗೆ ಕರೀತಾರೆ, "ನಿಮ್ಮ ದುಡ್ಡು ಚೆಕ್ ಮಾಡ್ಬೇಕು, ಆರ್‌ಬಿಐ ಖಾತೆಗೆ ಹಾಕಿ" ಅನ್ನಲ್ಲ. ಆರ್‌ಬಿಐನಲ್ಲಿ ನಮ್ಮಂಥೋರ ಹೆಸರಲ್ಲಿ ಖಾತೆನೇ ಇರಲ್ಲ, ನೋಟ್ ಪ್ರಿಂಟ್ ಮಾಡೋ ಪ್ರೆಸ್ಸು ಮೈಸೂರಲ್ಲೇ ಇದ್ರೂ ನಮಗೆ ಒಳಗೆ ಬಿಡ್ತಾರಾ?

ಬಡಾವಣೇಲಿ ಗೊತ್ತಿರೋರೇ ಚೀಟಿ ನಡೆಸ್ತಾರೆ, ಹಾಕ್ಬೋದಾ?

ಚೀಟಿ ಅನ್ನೋದೇ ಮೋಸ ಅಲ್ಲ. ಮಗಳ ಮದ್ವೆ, ಬೋರ್‌ವೆಲ್ಲು, ಕಾಲೇಜ್ ಫೀಸು ಅಂತ ಚೀಟಿ ಎತ್ತಿ ಉದ್ಧಾರ ಆದೋರು ನಮ್ಮ ಕಡೆ ಬೇಕಾದಷ್ಟು ಜನ ಇದಾರೆ. ಇದಕ್ಕೆ 1982ರ ಚಿಟ್ ಫಂಡ್ ಕಾಯ್ದೆ ಅಂತಾನೇ ಇದೆ, ನೋಂದಣಿ ಮಾಡ್ಸಿದೋರು ಚೀಟಿ ಮೊತ್ತಕ್ಕೆ ಭದ್ರತೆ ಇಡ್ಬೇಕು, ನಡೆಸೋರ ಕಮಿಷನ್ 7 ಪರ್ಸೆಂಟ್ ಮೇಲೆ ಹೋಗೋ ಹಂಗಿಲ್ಲ. ಸರ್ಕಾರದ ಎಂಎಸ್‌ಐಎಲ್‌ದೇ ಚೀಟಿ ಇದೆ. ನಂಬಿಕೆ ಮೇಲೆ ನಡೆಯೋ ಅಕ್ಕಪಕ್ಕದ ಚೀಟಿಲಿ ರಸೀದಿ ಇರಲ್ಲ, ಒಂದು ಪುಸ್ತಕ, ಅದೂ ಅವ್ರ ಹತ್ರಾನೇ. ಹಾಕ್ತೀನಿ ಅಂದ್ರೆ, ಎತ್ತಿದೋರಿಗೆ ಹೇಳಿದ ದಿನ ದುಡ್ಡು ಸಿಕ್ತಾ ಅಂತ ಅವ್ರನ್ನೇ ಕೇಳಿ. "ಮುಂದಿನ ತಿಂಗ್ಳು ಕೊಡ್ತೀನಿ, ಬಡ್ಡಿ ಸೇರ್ಸಿ ಕೊಡ್ತೀನಿ" ಅಂತ ಎರಡ್ಸಲ ಆಗಿದ್ರೆ ಅಲ್ಲಿ ದುಡ್ಡಿಲ್ಲ ಅಂತಾನೇ ಲೆಕ್ಕ.

ಚೀಟಿ ಹೆಸ್ರು ಹೇಳ್ಕೊಂಡು ಬರೋ ಬ್ಲೇಡ್ ಕಂಪ್ನಿ ಬೇರೆ. ಲಕ್ಷ ಹಾಕಿ ತಿಂಗ್ಳಿಗೆ 8 ಸಾವಿರ ತಗೊಳಿ ಅಂತಾರೆ. ಪೆನ್ ಹಿಡಿದು ಲೆಕ್ಕ ಹಾಕಿ, ವರ್ಷಕ್ಕೆ 96 ಸಾವಿರ, ಅಂದ್ರೆ 96 ಪರ್ಸೆಂಟ್. ಅಷ್ಟು ದುಡಿಯೋ ವ್ಯಾಪಾರ ಇದ್ದಿದ್ರೆ ನಿಮ್ಮ ಲಕ್ಷ ಅವನಿಗೆ ಯಾಕೆ ಬೇಕಿತ್ತು? ನಾಲ್ಕು ತಿಂಗ್ಳು ಕರೆಕ್ಟಾಗಿ ಕೊಡ್ತಾನೆ, 32 ಸಾವಿರ, ಅದು ನಿಮ್ಮ ದುಡ್ಡೇ ನಿಮಗೆ. ನೀವು ಖುಷಿ ಆಗಿ ಕಬ್ಬಿನ ದುಡ್ಡು ಬಂದದ್ದೇ ಇನ್ನೂ ಮೂರು ಲಕ್ಷ ಹಾಕ್ತೀರಾ, ಭಾವಮೈದನ್ನೂ ಕರ್ಕೊಂಡು ಬರ್ತೀರಾ, ಹೊಸಬರು ಬರೋದು ನಿಂತ ತಿಂಗ್ಳು ಆಫೀಸಿಗೆ ಬೀಗ. ಬೆಂಗ್ಳೂರಿನ ಐಎಂಎ ಅನ್ನೋ ಇಂಥದ್ದೇ ಕಂಪ್ನಿ 2019ರಲ್ಲಿ ಮುಳುಗಿದಾಗ ಸಾವಿರಾರು ಜನ ದೂರು ಕೊಡೋಕೆ ಸಾಲು ನಿಂತಿದ್ದು ಟಿವೀಲಿ ನೋಡಿಲ್ವಾ. ಇಂಥ ಕಂಪ್ನಿ ಮೇಲೆ ಆರ್‌ಬಿಐನ ಸಚೇತ್ ಪೋರ್ಟಲಲ್ಲಿ ದೂರು ಹಾಕ್ಬೋದು, ಠೇವಣಿದಾರರ ಹಿತಕ್ಕೆ ಅಂತ ನಮ್ಮ ರಾಜ್ಯದ 2004ರ ಕಾಯ್ದೆ ಇದೆ, ಕೇಂದ್ರದ್ದು 2019ರದ್ದು ಇದೆ, ಆಸ್ತಿ ಜಪ್ತಿ ಮಾಡಿ ಹಂಚೋಕೆ ಅವಕಾಶ ಇದೆ. ಆದ್ರೆ ಅದು ವರ್ಷಗಟ್ಟಲೆ ಕೆಲ್ಸ.

ಸೊಸೈಟೀಲಿ ಎಫ್‌ಡಿ ಇಟ್ಟಿದೀನಿ, ಸೇಫಾ?

ಬ್ಯಾಂಕ್ ಮುಳುಗಿದ್ರೆ ಒಬ್ಬರಿಗೆ 5 ಲಕ್ಷದವರೆಗೆ ವಿಮೆ ಇದೆ, ಸಹಕಾರ ಬ್ಯಾಂಕಿಗೂ ಇದೆ. ಸೊಸೈಟಿ ಅಂತೀವಲ್ಲ, ಆ ಪತ್ತಿನ ಸಹಕಾರ ಸಂಘಕ್ಕೆ ಆ ವಿಮೆ ಇಲ್ಲ. ಬೋರ್ಡಲ್ಲಿ ಏನಿದೆ ಅಂತ ಸರಿಯಾಗಿ ಓದಿ.

ಷೇರು ಹೇಳ್ಕೊಡ್ತೀವಿ ಅಂತ ಗ್ರೂಪಿಗೆ ಸೇರ್ಸವ್ರೆ. ಆ್ಯಪಲ್ಲಿ ನನ್ನ 50 ಸಾವಿರ 4 ಲಕ್ಷ ಆಗದೆ ನೋಡಣ್ಣ?

ಈಗ 5 ಸಾವಿರ ತೆಗೆದು ತೋರ್ಸಿ ಅಂತೀನಿ ನಾನು. ಸಣ್ಣದು ಬರುತ್ತೆ. ದೊಡ್ಡದು ತೆಗೆಯೋಕೆ ಹೋದ್ರೆ 20 ಪರ್ಸೆಂಟ್ ಟ್ಯಾಕ್ಸ್ ಮೊದ್ಲು ಕಟ್ಟಿ ಅಂತಾರೆ, ಕಟ್ಟಿದ್ರೆ ಇನ್ನೊಂದು ಚಾರ್ಜು. ಲಾಭದ ಟ್ಯಾಕ್ಸನ್ನ ಆ ಲಾಭದಲ್ಲೇ ಹಿಡ್ಕೊಳೋ ಬದ್ಲು ಮೇಲೆ ಕೇಳ್ತಾರೆ ಅಂದ್ರೆ ಅಲ್ಲಿ ಲಾಭಾನೂ ಇಲ್ಲ ಅಸಲೂ ಇಲ್ಲ, ಬರೀ ಅಂಕಿ ತೋರ್ಸೋ ಆ್ಯಪು. ಗ್ರೂಪಲ್ಲಿ "ಥ್ಯಾಂಕ್ಯೂ ಸಾರ್, 2 ಲಕ್ಷ ಬಂತು" ಅನ್ನೋರೆಲ್ಲ ಅವ್ರ ಕಡೆಯೋರೇ. ಸಲಹೆ ಕೊಡೋರಿಗೆ, ಬ್ರೋಕರಿಗೆ ಷೇರು ಪೇಟೆ ನೋಡ್ಕೊಳೋ ಸೆಬಿ ನೋಂದಣಿ ಇರ್ಬೇಕು, ನಂಬರ್ ತಗೊಂಡು ಸೆಬಿ ಸೈಟಲ್ಲೇ ನೋಡಿ, ಅವ್ರು ಕಳ್ಸೋ ಸರ್ಟಿಫಿಕೇಟ್ ಫೋಟೋ ನೋಡ್ಬೇಡಿ, ಅಂಥದ್ದು ನನ್ನ ಮೆಷಿನಲ್ಲೂ ಬರುತ್ತೆ.

ಟೆಲಿಗ್ರಾಂ ಟಾಸ್ಕೂ ಹಿಂಗೇ. ಹೋಟೆಲಿಗೆ ಸ್ಟಾರ್ ಕೊಡಿ 50 ರೂಪಾಯಿ ತಗೊಳಿ ಅಂತ ಶುರು, "ಪ್ರೀಪೇಯ್ಡ್ ಟಾಸ್ಕ್", ಅಂದ್ರೆ ಮೊದ್ಲು ನೀವು ದುಡ್ಡು ಕಟ್ಟಿ ಅಂದ ಕೂಡ್ಲೇ ಬುಟ್ಬುಡಿ.

ನನ್ನ ಖಾತೆ ಸುಮ್ನೆ ಇದೆ, ಬಾಡಿಗೆಗೆ ಕೊಟ್ರೆ ತಿಂಗ್ಳಿಗೆ 5 ಸಾವಿರ ಕೊಡ್ತಾರಂತೆ?

ಇದನ್ನ ಕೇಳೋರು ಬಹುಪಾಲು ಕಾಲೇಜ್ ಹುಡುಗ್ರು, ಮೈಸೂರಲ್ಲಿ ಪಿಜೀಲಿ ಇರೋರು. ಮೇಲೆ ಹೇಳಿದ್ನಲ್ಲ ಬಾಡಿಗೆ ಖಾತೆ, ಅದು ಇದೇ. ಯಾರೋ ಅಜ್ಜಿ ದುಡ್ಡು ನಿನ್ನ ಖಾತೆಗೆ ಬಂದು ಹೋಗುತ್ತೆ, ಪೊಲೀಸ್ರಿಗೆ ಸಿಗೋದು ಕಳ್ಳನ ಹೆಸ್ರಲ್ಲ, ನಿನ್ನ ಹೆಸ್ರು, ನಿನ್ನ ಆಧಾರು. ಬೇರೆ ರಾಜ್ಯದ ಸ್ಟೇಷನ್ನಿಂದ ನೋಟಿಸ್ ಬಂದಾಗ "ಫ್ರೆಂಡ್ ಕೇಳ್ದ ಕೊಟ್ಟೆ" ಅಂದ್ರೆ ನಡೆಯಲ್ಲ. ಸಿಮ್ಮೂ ಅಷ್ಟೇ. ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇದೆ ಅಂತ ಸಂಚಾರ್ ಸಾಥಿ ಸೈಟಲ್ಲಿ ನೋಡಬಹುದು, ನಿಮ್ಮದಲ್ಲದ್ದು ಇದ್ರೆ ಅಲ್ಲೇ ರಿಪೋರ್ಟ್ ಮಾಡಿ.

ಗೃಹಲಕ್ಷ್ಮಿ ದುಡ್ಡು ನಿಂತೋಗದೆ, ಲಿಂಕ್ ಒತ್ತಿದ್ರೆ ಬತ್ತದಂತೆ?

ಲಿಂಕಿಂದ ಬರಲ್ಲ ಅಕ್ಕ. 2023ರ ಆಗಸ್ಟ್ 30ಕ್ಕೆ ಮೈಸೂರಲ್ಲೇ ಶುರು ಮಾಡಿದ ಸ್ಕೀಮು ಅದು, 2,000 ನೇರ ಖಾತೆಗೆ ಬರುತ್ತೆ, ಬರ್ಲಿಲ್ಲ ಅಂದ್ರೆ ಆಧಾರ್ ಲಿಂಕ್ ಸರಿ ಇದ್ಯಾ ಅಂತ ಬ್ಯಾಂಕಲ್ಲಿ ಕೇಳಿ, ಇಲ್ಲಾ ತಾಲ್ಲೂಕಿನ ಮಹಿಳಾ ಮತ್ತು ಮಕ್ಕಳ ಇಲಾಖೆ ಆಫೀಸಿಗೆ ಹೋಗಿ.

ಒಟಿಪಿನೇ ಬರ್ಲಿಲ್ಲ, ಆದ್ರೂ 10 ಸಾವಿರ ಹೋಯ್ತು?

ಹೆಬ್ಬೆಟ್ಟಿಂದ ಹೋಗಿರ್ಬೇಕು. ಆಧಾರ್ ನಂಬರ್, ಬ್ಯಾಂಕ್ ಹೆಸ್ರು, ಬೆರಳಚ್ಚು ಇದ್ರೆ ದುಡ್ಡು ತೆಗೆಯೋ ವ್ಯವಸ್ಥೆ ಇದೆ, ಹಳ್ಳೀಲಿ ಒಳ್ಳೇ ಅನುಕೂಲ ಅದು. ನೋಂದಣಿ ಪತ್ರದಲ್ಲಿರೋ ಬೆರಳಚ್ಚು ಕದ್ದು ನಕಲಿ ಬೆರಳು ಮಾಡಿ ತೆಗೆದಿರೋ ಕೇಸು ಆಗಿವೆ. ಆಧಾರ್‌ನೋರದ್ದೇ ಆ್ಯಪಲ್ಲಿ ಬಯೋಮೆಟ್ರಿಕ್, ಅಂದ್ರೆ ಬೆರಳಚ್ಚು, ಲಾಕ್ ಮಾಡ್ಕೊಳಿ, ರೇಷನ್ ತಗೊಳೋ ದಿನ ಮಾತ್ರ ಮುಂಚೆ ಅನ್‌ಲಾಕ್ ಮಾಡೋದು ಮರೀಬೇಡಿ, ಸಾಲಲ್ಲಿ ನಿಂತು ವಾಪಸ್ ಬಂದು ನನ್ನ ಬೈದೋರು ಇದಾರೆ.

ಅಕ್ಕಿ ಎಳೆಯೋ ಚೊಂಬಿದೆಯಂತೆ, ಕೋಟಿ ಬಾಳ್ತದಂತೆ?

ಇನ್ನೂ ಇದನ್ನ ಕೇಳೋರಿದಾರೆ ಅಂತಾನೇ ಬರೀತಿದೀನಿ. ರೈಸ್ ಪುಲ್ಲಿಂಗು. ಸಿಡಿಲು ಬಡಿದ ತಾಮ್ರ, ಒಳಗೆ ಇರಿಡಿಯಂ ಇದೆ, ಫಾರಿನ್ ಕಂಪ್ನಿ ತಗೊಳುತ್ತೆ, ಟೆಸ್ಟ್ ಮಾಡೋ ವಿಜ್ಞಾನಿ ಫೀಸು 5 ಲಕ್ಷ ಅಂತಾರೆ. ಇರಿಡಿಯಂ ಅಕ್ಕಿನೂ ಎಳೆಯಲ್ಲ, ಕಬ್ಬಿಣಾನೂ ಎಳೆಯಲ್ಲ. ಚೊಂಬಲ್ಲಿ ಅಯಸ್ಕಾಂತ, ಅಕ್ಕೀಲಿ ಕಬ್ಬಿಣದ ಪುಡಿ, ಮುಗೀತು. ನಿಮ್ಮ ಮನೆ ಡಬ್ಬದಿಂದ ಒಂದು ಹಿಡಿ ಅಕ್ಕಿ ಜೇಬಲ್ಲಿ ಇಟ್ಕೊಂಡು ಹೋಗಿ, ಅದನ್ನ ಎಳೀಲಿ ನೋಡೋಣ. ಮನೆ ಪಾಯ ತೆಗೀವಾಗ ಸಿಕ್ಕಿದ ಚಿನ್ನದ ನಾಣ್ಯದ್ದೂ ಇದೇ ಅಣ್ತಮ್ಮ, ಮೊದ್ಲು ಕೊಡೋ ಒಂದು ನಾಣ್ಯ ಅಸಲಿ, ಆಮೇಲಿನ ಚೀಲ ಹಿತ್ತಾಳೆ.

ಆ್ಯಪಲ್ಲಿ ಸಾಲ ತಗೊಂಡಿದ್ದೆ, ಫೋಟೋ ಎಡಿಟ್ ಮಾಡಿ ಎಲ್ರಿಗೂ ಕಳಿಸ್ತೀವಿ ಅಂತಾವ್ರೆ?

ಹೆದರಿ ಕಟ್ಟಿದ್ರೆ ಮತ್ತೆ ಕೇಳ್ತಾರೆ. ಸ್ಕ್ರೀನ್‌ಶಾಟ್ ಎಲ್ಲ ಇಟ್ಕೊಂಡು 1930 ಮತ್ತು ಸ್ಟೇಷನ್. ಕಿರುಕುಳ ಕೊಟ್ಟು ಸಾಲ ವಸೂಲಿ ಮಾಡೋರ ಮೇಲೆ 2025ರಲ್ಲಿ ನಮ್ಮ ರಾಜ್ಯ ಕಾನೂನು ತಂದಿದೆ, 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಮನೇಲಿ ಮೊದ್ಲು ನೀವೇ ಹೇಳ್ಬಿಡಿ, ಮನೇಲಿ ಗೊತ್ತಾಗುತ್ತೆ ಅನ್ನೋ ನಿಮ್ಮ ಭಯ ಒಂದೇ ಅವ್ರ ಹತ್ರ ಇರೋ ಆಯುಧ.

ಹೋದ ದುಡ್ಡು ವಾಪಸ್ ಕೊಡಿಸ್ತೀವಿ, 10 ಪರ್ಸೆಂಟ್ ಅಡ್ವಾನ್ಸ್ ಅಂತಾರೆ?

ಅದು ಎರಡನೇ ಟೋಪಿ. ನೀವು ಕಳ್ಕೊಂಡಿದೀರ ಅನ್ನೋ ಲಿಸ್ಟು ಮೊದ್ಲನೇ ಕಳ್ಳನ ಹತ್ರಾನೇ ಇರುತ್ತಲ್ಲ. ತಡೆಹಿಡಿದ ದುಡ್ಡು ಬಿಡಿಸ್ಕೊಳೋಕೆ ಠಾಣೇಲೇ ಕೇಳಿ, ಮೊತ್ತ ದೊಡ್ಡದಾದ್ರೆ ಠಾಣೆ ಮೂಲಕ ಕೋರ್ಟಲ್ಲಿ ಅರ್ಜಿ ಹಾಕ್ಬೇಕು, ಆರ್ಡರ್ ಆದ್ರೆ ಬ್ಯಾಂಕೇ ನಿಮ್ಮ ಖಾತೆಗೆ ಹಾಕುತ್ತೆ. ಇದಕ್ಕೆ ಯಾವ ಏಜೆಂಟೂ ಬೇಕಿಲ್ಲ.

ಮನೇಲಿ ಹೆಂಗಣ್ಣ ಹೇಳೋದು?

ನನ್ನ ಹೆಂಡ್ತಿ ಮೂರನೇ ದಿನ ಕೇಳಿದ್ದು ಒಂದೇ ಮಾತು, "ಮೊನ್ನೆನೇ ಹೇಳಿದ್ರೆ ಸಿಗ್ತಿತ್ತೇನೋ ಅಲ್ವ". ಬೈದಿದ್ರೆ ಇಷ್ಟು ನೋವಾಗ್ತಿರ್ಲಿಲ್ಲ. 1930ಕ್ಕೆ ಫೋನ್ ಮಾಡಿ ಆಮೇಲೆ ಹೇಳಿ, ಬೇಕಾದ್ರೆ ಅಂಗಡಿಗೆ ಕರ್ಕೊಂಡು ಬನ್ನಿ, ನನ್ನ ಕಥೆ ಮೊದ್ಲು ಹೇಳ್ತೀನಿ.

ದೂರು ಹಾಕ್ಕೊಡೋಕೆ ಎಷ್ಟು ತಗೋತೀರಾ?

ಫೋನ್ ಮಾಡ್ಕೊಡೋಕೆ, ಆನ್‌ಲೈನ್ ದೂರು ತುಂಬೋಕೆ ಏನೂ ಬೇಡ. ಪ್ರಿಂಟ್ ತಗೊಂಡ್ರೆ ಪೇಜಿನ ದುಡ್ಡು ಕೊಡಿ ಸಾಕು, ಕ್ಯೂಆರ್ ಗೋಡೆ ಮೇಲಿದೆ. ಸ್ಕ್ಯಾನ್ ಮಾಡಿದ್ಮೇಲೆ ಬರೋ ಹೆಸ್ರು ಜೋರಾಗಿ ಓದಿ ಹೇಳಿ, ಹೋದ ದೀಪಾವಳಿ ಟೈಮಲ್ಲಿ ಯಾರೋ ಐನಾತಿ ನನ್ನ ಸ್ಟಿಕ್ಕರ್ ಮೇಲೆ ಅವನದ್ದು ಅಂಟ್ಸಿ ಹೋಗಿದ್ದ, ಸಾಯಂಕಾಲದವರೆಗೂ ಗೊತ್ತಾಗಿರ್ಲಿಲ್ಲ.